ಹಳೆಯ ಹಲಗೆ, ಹಸಿ ಬಣ್ಣ

ಈಚೆಗೆ ಬೆಂಗಳೂರು, ಮೈಸೂರುಗಳಲ್ಲಿ ತೆರೆಯುತ್ತಿರುವ ಕಾಫಿ ಹೋಟೆಲುಗಳಿಗೆ ಒಂದು ಚಾಳಿ ಅಂಟಿದೆ. ಬಾಗಿಲು ತೆರೆದು ಆರು ತಿಂಗಳೂ ಆಗಿರುವುದಿಲ್ಲ, ಗಲ್ಲಾಪೆಟ್ಟಿಗೆಯ ಹಿಂದೆ ನೇತುಹಾಕಿದ ಮರದ ಬೋರ್ಡಿಗೆ ಮಾತ್ರ ಎಪ್ಪತ್ತು ವರ್ಷ ವಯಸ್ಸಾಗಿರುತ್ತದೆ. ಹತ್ತಿರ ಹೋದರೆ ಗುಟ್ಟು ರಟ್ಟು. ಪ್ಲೈವುಡ್ಡಿಗೆ ಕಂದು ಬಣ್ಣ ಬಳಿದು, ಅಲ್ಲಲ್ಲಿ ಸವೆದಂತೆ ಕಾಣುವ ಅಕ್ಷರಗಳನ್ನು ಕಂಪ್ಯೂಟರಿನಿಂದ ತೆಗೆದು ಅಂಟಿಸಿರುತ್ತಾರೆ. ಬೋರ್ಡಿನಲ್ಲಿ ಮೂರು ‘ಸ’ ಇದ್ದರೆ ಮೂರೂ ಒಂದೇ ಜಾಗದಲ್ಲಿ ಸವೆದಿರುತ್ತವೆ. ಮಳೆ ಬಿಸಿಲಿಗೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು?

ನಿಜವಾದ ಹಳೆಯ ಬೋರ್ಡುಗಳನ್ನು ಬರೆದವರು ಯಾರೂ ಹಳೆಯ ಬೋರ್ಡು ಬರೆಯಲೆಂದು ಕೂತವರಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಂತವನಿಗೆ ಓದಲು ಬರಬೇಕು, ಅಂಗಡಿ ಪೂಜೆಯ ಹೊತ್ತಿಗೆ ಬಣ್ಣ ಒಣಗಿರಬೇಕು, ನಾಲ್ಕಾರು ಮಳೆಗಾಲ ತಡೆಯಬೇಕು. ಅವರ ಲೆಕ್ಕ ಇಷ್ಟೇ. ಈಗ ನಮ್ಮ ಕಣ್ಣಿಗೆ ಚಂದ ಕಾಣುವ ದಪ್ಪ ಅಕ್ಷರ, ಕೆಂಪಿನ ಬೆನ್ನಿಗೆ ಕಪ್ಪು ನೆರಳು, ಸುತ್ತಲಿನ ಹಳದಿ ಅಂಚು ಎಲ್ಲವೂ ಆ ಲೆಕ್ಕದಿಂದಲೇ ಹುಟ್ಟಿದವು. ಹಾಗಾಗಿ ಹಳೆಯ ಮರದ ಮೇಲೆ ಹಳೆಯ ಕಾಲದ ಬೋರ್ಡು ಬರೆಯಲು ಕಲಿಯಬೇಕೆನ್ನುವವರಿಗೆ ನನ್ನ ಮೊದಲ ಮಾತು: ಹಳತಾಗಿ ಕಾಣಿಸುವ ಆಸೆ ಬಿಡಿ. ಹೊಚ್ಚ ಹೊಸದಾಗಿ, ಚೊಕ್ಕಟವಾಗಿ ಬರೆಯಿರಿ. ಉಳಿದದ್ದನ್ನು ಬಿಸಿಲು ನೋಡಿಕೊಳ್ಳುತ್ತದೆ.

ಮರದಿಂದ ಶುರುಮಾಡೋಣ. ಊರೂರಿನಲ್ಲಿ ಹಳೇ ಮನೆ ಕೆಡವಿದ ಮೇಲೆ ಬಾಗಿಲು, ಕಿಟಕಿ, ತೊಲೆ, ಅಟ್ಟದ ಹಲಗೆಗಳೆಲ್ಲ ಹಳೇ ಮರದ ವ್ಯಾಪಾರಿಗಳ ಅಂಗಳ ಸೇರುತ್ತವೆ. ಅವುಗಳಲ್ಲಿ ಬೋರ್ಡಿಗೆ ಹೇಳಿ ಮಾಡಿಸಿದಂಥದ್ದು ಪೇಟೆ ಅಂಗಡಿಗಳ ಹಲಗೆ ಬಾಗಿಲು. ರೋಲಿಂಗ್ ಶಟರ್ ಬರುವ ಮೊದಲು ಉದ್ದುದ್ದ ಹಲಗೆಗಳನ್ನು ಮೇಲೆ ಕೆಳಗೆ ಕೊರೆದ ತೋಡಿನಲ್ಲಿ ಒಂದರ ಪಕ್ಕ ಒಂದು ಸರಿಸಿ ಅಂಗಡಿ ಮುಚ್ಚುತ್ತಿದ್ದರು. ಕ್ರಮ ತಪ್ಪದಿರಲೆಂದು ಹಲಗೆಗಳ ಮೇಲೆ ಅಂಕೆ ಬರೆದಿರುತ್ತಿದ್ದರು. ಅಂಥ ಹಲಗೆ ಉದ್ದವಿರುತ್ತದೆ, ನೇರವಿರುತ್ತದೆ. ದಿನಾ ಬೆಳಗ್ಗೆ ಸಂಜೆ ಎತ್ತಿ ಇಳಿಸಿದರೂ ಸೊಟ್ಟಗಾಗದೆ ಉಳಿದದ್ದೆಂದ ಮೇಲೆ ಇನ್ನು ಸೊಟ್ಟಗಾಗುವ ಭಯ ಕಡಿಮೆ.

ಕೊಳ್ಳುವ ಮುಂಚೆ ಹಲಗೆಯನ್ನು ನೆಲಕ್ಕೆ ಕುಟ್ಟಿ ನೋಡಬೇಕು. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳು ಇನ್ನೂ ಕೆಲಸ ಮಾಡುತ್ತಿದೆಯೆಂದು ಅರ್ಥ. ತೂತಿದ್ದು ಪುಡಿ ಇಲ್ಲದಿದ್ದರೆ ಹುಳು ಮನೆ ಖಾಲಿ ಮಾಡಿ ಹೋಗಿರಬಹುದು. ಆಮೇಲೆ ಒಂದು ಆಯಸ್ಕಾಂತವನ್ನು ಮೇಲೆಲ್ಲ ಆಡಿಸಿ, ತಲೆ ಮುರಿದು ಒಳಗೇ ಉಳಿದ ಮೊಳೆಗಳನ್ನು ಹುಡುಕಬೇಕು. ಹತ್ತರಿಯ ಬಾಯಿಗೆ ಒಂದೇ ಒಂದು ಮೊಳೆ ಸಿಕ್ಕಿದರೂ ಸಾಕು, ಬಡಗಿ ನಿಮ್ಮನ್ನು ಇನ್ನೊಮ್ಮೆ ಅಂಗಡಿಗೆ ಸೇರಿಸುವುದಿಲ್ಲ.

ದುಡ್ಡು ಕಡಿಮೆ ಇದ್ದವರು ಸರಕು ಸಾಗಣೆಯ ಪ್ಯಾಲೆಟ್‌ಗಳ ಕಡೆ ನೋಡುತ್ತಾರೆ. ನೋಡಲಿ, ಆದರೆ ಮೊದಲು ಅದರ ಮೇಲಿನ ಮುದ್ರೆ ಓದಲಿ. ದೇಶದಿಂದ ದೇಶಕ್ಕೆ ಹೋಗುವ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳಲ್ಲಿ ಕೀಟ ಕೊಂದಿರಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ‘ಎಚ್‌ಟಿ’ ಎಂದಿದ್ದರೆ ಮರದ ಒಳತಿರುಳನ್ನೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದಾರೆ ಎಂದರ್ಥ. ಅದನ್ನು ಧೈರ್ಯವಾಗಿ ತರಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಟ್ಟದ್ದು. ಅದನ್ನು ಅಲ್ಲೇ ಬಿಟ್ಟು ಬನ್ನಿ.

ಇದಕ್ಕಿಂತ ದೊಡ್ಡ ಅಪಾಯ ನೋಡಲು ಚಂದವಾಗಿಯೇ ಇರುತ್ತದೆ. ಹಳೆಯ ಬಾಗಿಲಿನ ಮೇಲೆ ಪದರ ಪದರವಾಗಿ ಎದ್ದು ನಿಂತ ಹಳದಿ, ಕಿತ್ತಳೆ ಬಣ್ಣಗಳಿಗೆ ಮನಸೋಲದವರು ಕಡಿಮೆ. ಆ ಹಳದಿ, ಕಿತ್ತಳೆಗಳು ಅಷ್ಟು ಗಾಢವಾಗಿ ಉಳಿದಿರುವುದಕ್ಕೆ ಅನೇಕ ಸಲ ಸೀಸವೇ ಕಾರಣ. ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಎನಾಮೆಲ್ ಬಣ್ಣಗಳನ್ನೆಲ್ಲ ಸಂಶಯದಿಂದಲೇ ನೋಡುವುದು ಒಳ್ಳೆಯದು. ಒಣಗಿದ್ದನ್ನು ಹಾಗೇ ಉಜ್ಜಿದರೆ ಆ ಪುಡಿ ಮನೆಯೆಲ್ಲ ಹರಡಿ ಮಕ್ಕಳ ಕೈ ಬಾಯಿ ಸೇರುತ್ತದೆ. ಬೆಂಕಿ ಹಿಡಿದು ಸುಡುವುದಂತೂ ಕೂಡದೇ ಕೂಡದು. ನೀರು ಹಾಕಿ ಒದ್ದೆಯಾಗಿಯೇ ಉಜ್ಜಬೇಕು, ಮೂಗಿಗೆ ಸರಿಯಾದ ಮುಖಗವಸು ಇರಬೇಕು, ಮಕ್ಕಳು ಗರ್ಭಿಣಿಯರು ಆ ಕಡೆ ಸುಳಿಯಬಾರದು. ಇಷ್ಟೆಲ್ಲ ಯಾರಿಗೆ ಬೇಕು ಎನ್ನುವವರು ಬಣ್ಣವಿಲ್ಲದ ಮರ ಆರಿಸಿಕೊಳ್ಳುವುದೇ ಜಾಣತನ.

ಒಂದೊಂದು ಮರಕ್ಕೆ ಒಂದೊಂದು ಹಟ. ತೇಗದಲ್ಲಿ ಎಣ್ಣೆಯಂಶ ಹೆಚ್ಚು; ಹಲಗೆ ಎಷ್ಟೇ ಹಳತಾಗಿರಲಿ, ಹತ್ತರಿ ಆಡಿಸಿದ ಕೂಡಲೇ ಎಣ್ಣೆ ಮತ್ತೆ ಮೇಲಕ್ಕೆ ಬಂದು ಬಣ್ಣ ಒಣಗಲು ಬಿಡುವುದಿಲ್ಲ. ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಅದು ಆರಿದ ತಕ್ಷಣ ಪ್ರೈಮರ್ ಹೊಡೆಯಬೇಕು. ಹೊನ್ನೆಯದು ಬೇರೆ ತರಲೆ. ಸಕ್ಕರೆ ಕಾಯಿಲೆಯವರು ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವುದನ್ನು ನೋಡಿದ್ದೀರಲ್ಲ, ಆ ನೀರಿಗೆ ಬರುವ ಬಣ್ಣವೇ ನಿಮ್ಮ ಬಿಳಿ ಪ್ರೈಮರಿಗೂ ಇಳಿಯುತ್ತದೆ. ಹಲಸಿನ ಹಳದಿಯನ್ನೂ ನಂಬುವಂತಿಲ್ಲ. ಇಂಥ ಮರಕ್ಕೆ ಮೊದಲು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಒಂದು ತೆಳು ಲೇಪ ಕೊಡಬೇಕು. ಗಂಟುಗಳ ಮೇಲಂತೂ ಎರಡು ಸಲ. ಅರಗಿನ ಮಾತು ಬಂದದ್ದಕ್ಕೆ ನೆನಪಾಯಿತು: ಚುನಾವಣೆಯಲ್ಲಿ ನಮ್ಮ ಬೆರಳಿಗೆ ಬಳಿಯುವ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಶುರುಮಾಡಿದ್ದು ಅರಗು ಮತ್ತು ಬಣ್ಣಕ್ಕಾಗಿ. ಶಾಯಿ ಬಂದದ್ದು 1962ರಲ್ಲಿ.

ಎರಡು ಮೂರು ಹಲಗೆ ಜೋಡಿಸುವುದಾದರೆ ಹಿಂಬದಿಗೆ ಅಡ್ಡಪಟ್ಟಿ ಕೊಟ್ಟು ಸ್ಕ್ರೂ ಬಿಗಿಯಬೇಕು, ಅಂಟು ಸುರಿಯಬಾರದು. ಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಪಟ್ಟಿಯಲ್ಲಿ ಸ್ಕ್ರೂವಿನ ತೂತನ್ನು ಸ್ವಲ್ಪ ಉದ್ದುದ್ದಕ್ಕೆ ಕೊರೆದರೆ ಅದಕ್ಕೆ ಆಡಲು ಜಾಗ ಸಿಗುತ್ತದೆ. ಜಾಗ ಕೊಡದಿದ್ದರೆ ಅದು ತನಗೆ ಬೇಕಾದಲ್ಲಿ, ಸಾಮಾನ್ಯವಾಗಿ ಅಂಗಡಿ ಯಜಮಾನರ ಹೆಸರಿನ ನಟ್ಟನಡುವೆ, ಸೀಳಿಕೊಳ್ಳುತ್ತದೆ.

ಬರಿ ಮರದ ಮೇಲೆ ನೇರವಾಗಿ ಬಿಳಿ ಅಕ್ಷರ ಬರೆಯುವುದು ಈ ಕಾಲದ ರುಚಿ. ಹಿಂದಿನವರು ಹಲಗೆಯನ್ನು ಪೂರ್ತಿ ಮುಚ್ಚುತ್ತಿದ್ದರು: ಪ್ರೈಮರ್, ಪುಟ್ಟಿ, ಉಜ್ಜಿ ನಯಮಾಡಿ ಎರಡು ಕೈ ಎನಾಮೆಲ್. ಮರವನ್ನು ತೋರಿಸುವುದು ಅವರಿಗೆ ಬೇಕಿರಲಿಲ್ಲ, ಉಳಿಸುವುದು ಬೇಕಿತ್ತು. ಬೋರ್ಡು ಹೊರಗೆ ಹಾಕುವಂಥದ್ದಾದರೆ ನಾನು ಅವರ ಪಕ್ಷ. ಒಳಗಡೆ ಗೋಡೆಗೆ ತೂಗುಹಾಕುವುದಾದರೆ ಮರದ ಎಳೆ ಕಾಣಿಸಲಿ, ತಕರಾರಿಲ್ಲ. ಅಗಸೆ ಎಣ್ಣೆ ಒರೆಸಿ ಮೆರುಗು ಕೊಡುವವರು ಮಾತ್ರ ಆ ಬಟ್ಟೆಯನ್ನು ಉಂಡೆಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹಗ್ಗದ ಮೇಲೆ ಹರವಿ.

ಇಷ್ಟಾದರೆ ಹಲಗೆ ಸಿದ್ಧ. ಇನ್ನು ಅಕ್ಷರ. ಹೊಸಬರು ಸೋಲುವುದು ಇಲ್ಲಿ, ಅದೂ ಕೈ ನಡುಗಿ ಅಲ್ಲ. ಇಂಗ್ಲಿಷ್ ಪಾಠವನ್ನು ಕನ್ನಡಕ್ಕೆ ತೊಡಿಸಲು ಹೋಗಿ.

ಬೋರ್ಡು ಬರೆಯುವುದನ್ನು ಕಲಿಸುವ ಪುಸ್ತಕ, ವಿಡಿಯೊಗಳೆಲ್ಲ ಬಹುಪಾಲು ರೋಮನ್ ಲಿಪಿಯವು. ಅಲ್ಲಿ ಎರಡು ಗೆರೆ ಎಳೆದು ನಡುವೆ ದೊಡ್ಡಕ್ಷರಗಳನ್ನು ನಿಲ್ಲಿಸಿದರೆ ಮುಗಿಯಿತು. ಕನ್ನಡದಲ್ಲಿ ಆ ಎರಡು ಗೆರೆಗಳ ನಡುವೆ ಇರುವುದು ಅಕ್ಷರದ ಒಡಲು ಮಾತ್ರ. ಮೇಲೆ ತಲಕಟ್ಟು, ಗುಡಿಸು, ಏತ್ವಗಳಿಗೆ ಒಂದು ಅಂತಸ್ತು ಬೇಕು, ಕೆಳಗೆ ಒತ್ತಕ್ಷರಗಳಿಗೆ ಇನ್ನೊಂದು. ‘ಮಾರುತಿ’ ಎಂದು ಬರೆಯುವ ಬೋರ್ಡಿಗೆ ಕೆಳಗಿನ ಅಂತಸ್ತೇ ಬೇಡ. ‘ಶ್ರೀ ಲಕ್ಷ್ಮೀ ಸ್ಟೋರ್ಸ್’ ಎಂದು ಬಂತೋ, ಪೇಂಟರನ ನಿಜವಾದ ಪರೀಕ್ಷೆ ಶುರು. ‘ಕ್ಷ್ಮೀ’ ಒಂದರಲ್ಲೇ ಕಕಾರದ ನೆತ್ತಿಯ ಮೇಲೆ ಗುಡಿಸು, ಕಾಲ ಕೆಳಗೆ ಷಕಾರದ ಒತ್ತು, ಅದರ ಮಗ್ಗುಲಿಗೆ ಮಕಾರದ ಒತ್ತು, ಎಲ್ಲ ಮುಗಿದ ಮೇಲೆ ಬಲಕ್ಕೆ ದೀರ್ಘ. ಐದು ಇಂಚಿನ ಅಕ್ಷರವೆಂದು ಶುರುಮಾಡಿದವನಿಗೆ ಒತ್ತಿನ ಹೊತ್ತಿಗೆ ಹಲಗೆಯೇ ಮುಗಿದಿರುತ್ತದೆ. ಅದಕ್ಕೇ ಪಳಗಿದ ಪೇಂಟರು ಮೊದಲು ಮಾಡುವ ಕೆಲಸ, ಇಡೀ ಹೆಸರಿನಲ್ಲಿ ಅತಿ ಆಳಕ್ಕೆ ಇಳಿಯುವ ಒತ್ತಕ್ಷರ ಯಾವುದೆಂದು ಹುಡುಕುವುದು. ಅಳತೆ ಅಲ್ಲಿಂದ ಮೇಲಕ್ಕೆ ಹೋಗುತ್ತದೆ.

ಅಗಲದ್ದೂ ಇಂಥದೇ ಕಥೆ. ‘ರ’, ‘ಗ’ ಮೈ ಮುದುಡಿಕೊಂಡು ಕೂರುತ್ತವೆ. ‘ಯ’, ‘ಮ’, ‘ಝ’ ಕಾಲು ಚಾಚುತ್ತವೆ. ಸ್ಕೇಲಿಟ್ಟು ಸಮ ಮನೆಗಳನ್ನು ಎಳೆದು ಮನೆಗೊಂದು ಅಕ್ಷರ ತುಂಬಿದರೆ ‘ರ’ದ ಅಕ್ಕಪಕ್ಕ ಬಯಲು, ‘ಯ’ ಇದ್ದ ಕಡೆ ನೂಕುನುಗ್ಗಲು. ಅಳೆಯಬೇಕಾದ್ದು ಅಕ್ಷರಗಳನ್ನಲ್ಲ, ಅವುಗಳ ನಡುವೆ ಉಳಿಯುವ ಬಿಳಿಯನ್ನು. ದುಂಡನೆಯ ಎರಡು ಅಕ್ಷರ ಅಕ್ಕಪಕ್ಕ ಬಂದಾಗ ಇನ್ನೂ ಹತ್ತಿರ ತರಬೇಕು, ಏಕೆಂದರೆ ದುಂಡುಗಳು ಒಂದೇ ಬಿಂದುವಿನಲ್ಲಿ ಸಮೀಪಿಸಿ ಮೇಲೆ ಕೆಳಗೆ ದೂರ ಸರಿಯುತ್ತವೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಲ್ಲಿ ಬರೆಯುವಾಗ ನೇರ ಗೆರೆ ಎಳೆದರೆ ಗರಿ ಸೀಳುತ್ತಿತ್ತು, ಅದಕ್ಕೇ ನಮ್ಮ ಲಿಪಿ ದುಂಡಗಾಯಿತು ಎನ್ನುತ್ತಾರೆ. ಕಾರಣ ಏನೇ ಇರಲಿ, ಆ ದುಂಡಿನ ಲೆಕ್ಕ ಸ್ಕೇಲಿಗೆ ಸಿಗುವುದಿಲ್ಲ. ಕಣ್ಣನ್ನು ಅರ್ಧ ಮುಚ್ಚಿ ದೂರದಿಂದ ನೋಡುವುದೊಂದೇ ದಾರಿ.

ದಪ್ಪ ಕುಂಚ ಹಿಡಿದಾಗ ಇನ್ನೊಂದು ಗಂಡಾಂತರವಿದೆ. ‘ದ’ಕ್ಕೂ ‘ಧ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ, ‘ಡ’ಕ್ಕೂ ‘ಢ’ಕ್ಕೂ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಗೆರೆ ದಪ್ಪವಾದಂತೆಲ್ಲ ಸೀಳು ಕಿರಿದಾಗಿ, ಕೊನೆಗೆ ಬಣ್ಣ ತುಂಬಿ ಮುಚ್ಚಿಯೇ ಹೋಗುತ್ತದೆ. ಭಾಗ್ಯ ಹೋಗಿ ಬಾಗ್ಯವಾಗುವುದು ಎಲ್ಲ ಸಲವೂ ಕಾಗುಣಿತ ಬಾರದ್ದರಿಂದ ಅಲ್ಲ. ಪಾಪ, ಎಷ್ಟೋ ಪೇಂಟರುಗಳ ಮೇಲೆ ಆ ಅಪವಾದ ಸುಮ್ಮನೆ ಬಂದಿದೆ. ದಪ್ಪ ಅಕ್ಷರದಲ್ಲಿ ಸೀಳನ್ನು ಬೇಕೆಂದೇ ಅತಿ ಮಾಡಿ, ಹತ್ತಿರದಿಂದ ವಿಕಾರ ಅನ್ನಿಸುವಷ್ಟು ಅಗಲ ಬಿಡಬೇಕು. ದೂರಕ್ಕೆ ಅದು ಸರಿಯಾಗಿ ಕಾಣುತ್ತದೆ.

ಎಷ್ಟು ದೂರಕ್ಕೆ ಎಷ್ಟು ಎತ್ತರ? ರೋಮನ್ ಲಿಪಿಯ ಬೋರ್ಡಿನವರು ಹತ್ತು ಅಡಿ ದೂರಕ್ಕೆ ಒಂದು ಇಂಚು ಎಂದು ಅಂದಾಜು ಹಿಡಿಯುತ್ತಾರೆ. ನಲವತ್ತು ಅಡಿ ರಸ್ತೆಯ ಆಚೆಯಿಂದ ಓದಬೇಕಾದರೆ ನಾಲ್ಕು ಇಂಚು. ಕನ್ನಡದಲ್ಲಿ ಒತ್ತಕ್ಷರ ಒಡಲಿನ ಅರ್ಧದಷ್ಟೇ ಇರುವುದರಿಂದ ಈ ಲೆಕ್ಕ ಸಾಲದು. ಒಡಲಿಗೆ ಆರು ಇಂಚು ಕೊಟ್ಟರೆ ಒತ್ತು ಮೂರು ಇಂಚಾದರೂ ಆಗುತ್ತದೆ. ನನಗೆ ಅದೇ ಸರಿಯೆನ್ನಿಸುತ್ತದೆ.

ಈಗ ಇದಕ್ಕೊಂದು ಕಾನೂನಿನ ಕೊಂಡಿಯೂ ಸೇರಿದೆ. 2024ರ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಭಾಷೆಯ ದೃಷ್ಟಿಯಿಂದ ಒಳ್ಳೆಯದೇ. ಆದರೆ ಬರೆಯುವವನ ಕಷ್ಟ ಬೇರೆ: ಮೇಲಿನ ಕನ್ನಡದ ಒತ್ತಕ್ಷರಗಳು ಕೆಳಗಿನ ಇಂಗ್ಲಿಷ್ ದೊಡ್ಡಕ್ಷರಗಳ ತಲೆಗೆ ತಾಗುತ್ತವೆ. ತಾಗದಿರಲೆಂದು ನಡುವೆ ಜಾಗ ಬಿಟ್ಟರೆ, ಒತ್ತಿಲ್ಲದ ಕಡೆ ಆ ಜಾಗ ಭಣಭಣ ಎನ್ನುತ್ತದೆ. ಬಲ್ಲವರು ಇಂಗ್ಲಿಷ್ ಸಾಲನ್ನು ಚಿಕ್ಕದು ಮಾಡಿ, ಒತ್ತಕ್ಷರ ಇಳಿಯದ ಕಡೆಗೆ ಸರಿಸಿಬಿಡುತ್ತಾರೆ. ಕಂಪ್ಯೂಟರಿನಲ್ಲಿ ಸಿದ್ಧವಾಗುವ ಬೋರ್ಡುಗಳಲ್ಲಿ ಇಷ್ಟು ತಲೆ ಓಡಿಸಿದ್ದು ಕಾಣುವುದು ಅಪರೂಪ; ಅಲ್ಲಿ ಎಲ್ಲವೂ ನಟ್ಟನಡುವೆ.

ಕುಂಚಕ್ಕೆ ಬರೋಣ. ಅಕ್ಷರ ಬರೆಯುವ ಕುಂಚದ ಕೂದಲು ಉದ್ದ, ಮೆತ್ತಗೆ. ಮೊದಲೆಲ್ಲ ಮುಂಗುಸಿ ಕೂದಲಿನ ಕುಂಚಕ್ಕೆ ಭಾರಿ ಹೆಸರಿತ್ತು. ಮುಂಗುಸಿ ಈಗ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಆ ಕುಂಚ ಮಾರುವುದೂ ಇಟ್ಟುಕೊಳ್ಳುವುದೂ ಅಪರಾಧ. ಯಾರಾದರೂ ಅಡ್ಡದಾರಿಯಲ್ಲಿ ತಂದುಕೊಡುತ್ತೇನೆಂದರೆ ಬೇಡವೆನ್ನಿ. ಒಳ್ಳೆಯ ಸಿಂಥೆಟಿಕ್ ಕುಂಚ ಕಲಿಯುವವರಿಗೆ ಧಾರಾಳ ಸಾಕು.

ಎನಾಮೆಲ್‌ಗೆ ತುಸು ಟರ್ಪೆಂಟೈನ್ ಬೆರೆಸಿ ಕೆನೆಹಾಲಿನ ಹದಕ್ಕೆ ತರಬೇಕು. ಅದ್ದಿದ ಕುಂಚವನ್ನು ನೇರ ಹಲಗೆಗೆ ಒಯ್ಯುವಂತಿಲ್ಲ. ರಟ್ಟಿನ ತುಂಡಿನ ಮೇಲೆ ಹಿಂದೆ ಮುಂದೆ ಎಳೆದು, ಕೂದಲೆಲ್ಲ ಬಣ್ಣ ಹೀರಿ ತುದಿ ಉಳಿಯ ಬಾಯಂತೆ ಚಪ್ಪಟೆಯಾಗುವ ತನಕ ಕಾಯಬೇಕು. ಹೊಸಬರು ಅವಸರ ಮಾಡುವುದೇ ಇಲ್ಲಿ. ಎಡಗೈಯಲ್ಲಿ ಒಂದು ಕೋಲು, ಅದರ ತುದಿಗೆ ಬಟ್ಟೆಯ ಉಂಡೆ. ಉಂಡೆಯನ್ನು ಹಲಗೆಗೆ ಆನಿಸಿ ಬಲ ಮಣಿಕಟ್ಟನ್ನು ಕೋಲಿನ ಮೇಲಿಟ್ಟರೆ ಹಸಿ ಬಣ್ಣ ಮುಟ್ಟದೆ ಎಲ್ಲಿಗೆ ಬೇಕಾದರೂ ಕೈ ಹೋಗುತ್ತದೆ.

ಪಾಠ ಎಲ್ಲಿಂದ? ಒಂದನೇ ಕ್ಲಾಸಿನ ‘ರ ಗ ಸ ದ ಅ’ ಇದೆಯಲ್ಲ, ಅಲ್ಲಿಂದಲೇ. ಆಕಾರದಲ್ಲಿ ಹತ್ತಿರವಿರುವ ಅಕ್ಷರಗಳನ್ನು ಗುಂಪು ಮಾಡಿದ ಆ ಕ್ರಮ ಪೆನ್ಸಿಲಿಗಿಂತ ಕುಂಚಕ್ಕೇ ಹೆಚ್ಚು ಒಪ್ಪುತ್ತದೆ. ಆದರೆ ಸ್ಲೇಟಿನಲ್ಲಿ ಒಂದೇ ಉಸಿರಿಗೆ ಸುತ್ತಿದ್ದನ್ನು ಇಲ್ಲಿ ಒಡೆದು ಕಲಿಯಬೇಕು. ‘ರ’ದ ಹೊಟ್ಟೆಯ ಎಡ ಅರ್ಧವನ್ನು ಮೇಲಿನಿಂದ ಕೆಳಕ್ಕೆ ಒಂದು ಎಳೆತ, ಬಲ ಅರ್ಧವನ್ನು ಮತ್ತೆ ಮೇಲಿನಿಂದ ಕೆಳಕ್ಕೆ ಇನ್ನೊಂದು, ತಲಕಟ್ಟು ಕೊನೆಗೆ. ಕುಂಚವನ್ನು ಎಳೆಯಬಹುದು, ತಳ್ಳುವಂತಿಲ್ಲ, ತಳ್ಳಿದರೆ ಕೂದಲು ಕೆದರಿ ಅಂಚು ಒಡೆಯುತ್ತದೆ. ತಿರುವಿನಲ್ಲಿ ಕುಂಚದ ಹಿಡಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊರಳಿಸಬೇಕು. ಆ ಹೊರಳು ಕೈಗೆ ಬರುವ ತನಕ ಹಳೇ ಪೇಪರಿನ ಮೇಲೆ ಅರ್ಧಚಂದ್ರಗಳನ್ನು ಎಳೆಯುತ್ತಲೇ ಇರಬೇಕು, ಬೇರೆ ಉಪಾಯವಿಲ್ಲ. ಇನ್ನೊಂದು ಮಾತು, ಎಳೆತದಲ್ಲಿ ವೇಗ ಬೇಕು. ನಿಧಾನವಾಗಿ ಹೋದಷ್ಟೂ ಗೆರೆ ನಡುಗುತ್ತದೆ.

ನಕ್ಷೆಯನ್ನು ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ಹಲಗೆಯ ಮೇಲಿಟ್ಟು ಇದ್ದಿಲ ಪುಡಿಯ ಗಂಟು ತಟ್ಟಿದರೆ ಚುಕ್ಕಿಗಳು ಇಳಿಯುತ್ತವೆ. ನುರಿತ ಪೇಂಟರುಗಳಿಗೆ ಅದೂ ಬೇಡ. ಸೀಮೆಸುಣ್ಣ ಸವರಿದ ದಾರವನ್ನು ಬಿಗಿಹಿಡಿದು ಬಡಿದು ಎರಡು ಗೆರೆ ಹಾಕಿಕೊಂಡು ಬರೆದೇಬಿಡುತ್ತಾರೆ.

ನೆರಳಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಕು ಒಂದೇ ಕಡೆಯಿಂದ ಬರಲಿ, ಒತ್ತಕ್ಷರಕ್ಕೂ ನೆರಳು ಬೀಳುತ್ತದೆಂದು ಮೊದಲೇ ಜಾಗ ಲೆಕ್ಕ ಹಾಕಿ, ಅಕ್ಷರಕ್ಕೂ ನೆರಳಿಗೂ ನಡುವೆ ಒಂದು ಎಳೆ ಖಾಲಿ ಬಿಡಿ. ಚಿನ್ನದ ಹಾಳೆಯ ಕೆಲಸ ಬೇರೆಯದೇ ವಿದ್ಯೆ, ಮೈಸೂರು ಚಿತ್ರಕಲೆಯವರ ಹತ್ತಿರ ಕಲಿಯಬೇಕಾದದ್ದು.

ಬೋರ್ಡಿನ ಕೆಲಸ ಕಲಿಸುವವರು ಈಗಲೂ ಇದ್ದಾರೆ. ಫ್ಲೆಕ್ಸ್ ಬಂದ ಮೇಲೆ ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿದು ನೂರಾರು ಕೈಗಳು ಗೋಡೆಗೆ ಸುಣ್ಣ ಬಳಿಯಲು ಹೋದವು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಪಟ್ಟಿಯಲ್ಲಿ ಫ್ಲೆಕ್ಸೂ ಇತ್ತು. ಅದರ ಫಲ ಎಷ್ಟೆಂದು ಯಾವುದೇ ವೃತ್ತದಲ್ಲಿ ಕತ್ತೆತ್ತಿ ನೋಡಿದರೆ ಗೊತ್ತಾಗುತ್ತದೆ. ಈ ಕೈಗಳ ಬೆಲೆಯನ್ನು ಮೊದಲೇ ಗುರುತಿಸಿದವರಲ್ಲಿ ಹನೀಫ್ ಕುರೇಶಿ ಒಬ್ಬರು. ಬೀದಿ ಪೇಂಟರುಗಳ ಅಕ್ಷರಗಳನ್ನು ಸಂಗ್ರಹಿಸಿ, ಆಯಾ ಪೇಂಟರರ ಹೆಸರಿನಲ್ಲೇ ಕಂಪ್ಯೂಟರ್ ಫಾಂಟುಗಳಾಗಿ ಮಾಡಿದ ಅವರು 2024ರಲ್ಲಿ ತೀರಿಕೊಂಡರು. ನಿಮ್ಮ ಊರಿನ ಹಳೇ ಬೋರ್ಡುಗಳ ಮೂಲೆಯಲ್ಲಿ ‘ಆರ್ಟ್ಸ್’ ಎಂದು ಕೊನೆಯಾಗುವ ಸಣ್ಣ ಸಹಿ ಇರುತ್ತದೆ, ಕೆಲವು ಸಲ ಫೋನ್ ನಂಬರಿನ ಜೊತೆಗೆ. ಅಲ್ಲಿಂದ ಹುಡುಕಿಕೊಂಡು ಹೋಗಿ. ಹೋಗುವಾಗ ಕಲಿಕೆಯ ಸಂಬಳ ಕೊಡಲು ಸಿದ್ಧರಿರಿ. ಒಂದು ವಿಡಿಯೊ ತೆಗೆದು ‘ಅಳಿಯುತ್ತಿರುವ ಕಲೆ’ ಎಂದು ಹಾಕಿ ಬರುವವರನ್ನು ಅವರು ಬೇಕಾದಷ್ಟು ನೋಡಿದ್ದಾರೆ.

ಅವರ ಹತ್ತಿರ ಮೊದಲು ಕೇಳಬೇಕಾದದ್ದು ಬಣ್ಣದ ವಿಷಯ. ಹೊಳೆಯುವ ಕೆಂಪು ಎಲ್ಲಕ್ಕಿಂತ ಮುಂಚೆ ಮಂಕಾಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯಲ್ಲಂತೂ ಕೆಂಪು ಸೋತು ಗುಲಾಬಿಯಾದ ಮೇಲೂ ಪಕ್ಕದ ಕಪ್ಪು ನೆರಳು ಗಟ್ಟಿಯಾಗಿ ನಿಂತಿರುತ್ತದೆ. ಕರಾವಳಿಯ ದೇವಸ್ಥಾನಗಳ ಗೋಡೆಯ ಕಾವಿಚಿತ್ರಗಳಲ್ಲಿರುವುದು ಕಬ್ಬಿಣದ ಆಕ್ಸೈಡಿನ ಕೆಂಪು. ಅದು ಬಿಸಿಲಿಗೆ ಬಗ್ಗುವುದಿಲ್ಲ. ಆದ್ದರಿಂದ ಹೊರಗಿನ ಬೋರ್ಡಿಗೆ ನೆಲದ ಬಣ್ಣ ಕಾವಿಕೆಂಪು, ಅಕ್ಷರ ಕೆನೆಬಿಳಿ, ನೆರಳು ಕಪ್ಪು ಎಂದಿಟ್ಟುಕೊಳ್ಳಬಹುದು. ಹೊಳೆಯುವ ಕೆಂಪೇ ಬೇಕೆಂದು ಗಿರಾಕಿ ಹಟ ಹಿಡಿದರೆ ಬರೆದುಕೊಡಿ, ಮೂರನೆಯ ದೀಪಾವಳಿಗೆ ಮತ್ತೊಂದು ಕೈ ಹೊಡೆಸಬೇಕಾಗಬಹುದೆಂದು ಈಗಲೇ ಹೇಳಿಡಿ. ಅಡಿಯ ನಕ್ಷೆಯ ಕಾಗದವನ್ನು ಸುತ್ತಿ ಜೋಪಾನವಾಗಿಟ್ಟುಕೊಂಡರೆ ಆಗ ಅರ್ಧ ಕೆಲಸ ಉಳಿಯುತ್ತದೆ.